ಕತ್ತಲಾದ ಮೇಲೆ ದಾರಿ ಅವುಗಳದ್ದು

ಹೋದ ಸಂಚಿಕೆಯಲ್ಲಿ ಕೀನ್ಯಾ, ತಾಂಜಾನಿಯಾ, ಉಗಾಂಡಾಗಳಲ್ಲಿ ನಾನು ಕಳೆದ ಹನ್ನೊಂದು ವರ್ಷಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಅದರಲ್ಲಿ ಪ್ರಾಣಿಗಳ ವಿಷಯ ಬಂದಿದ್ದು ನಾಲ್ಕೇ ಸಾಲು. ಪತ್ರಗಳು ಬಂದಿದ್ದೆಲ್ಲ ಆ ನಾಲ್ಕು ಸಾಲಿನ ಬಗ್ಗೆಯೇ. ಕೆಲವರು ಅಲ್ಲಿಗೆ ಕೆಲಸಕ್ಕೆ ಹೊರಟಿದ್ದಾರೆ, ಕೆಲವರು ಪ್ರವಾಸಕ್ಕೆ, ಇನ್ನು ಕೆಲವರಿಗೆ ಮಕ್ಕಳು ಅಲ್ಲಿದ್ದಾರೆ ಅನ್ನೋ ಚಿಂತೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿದೆ. ಊರೊಳಗೇ ಸಿಂಹ ಓಡಾಡುತ್ತವೆ ಅಂತ ಯಾರೋ ಹೇಳಿದರು. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಇದು ನಿಜವಾ?

ಅಮ್ಮಾ, ಅರ್ಧ ನಿಜ. ನೈರೋಬಿ ಪೇಟೆಯಿಂದ ಏಳು ಕಿಲೋಮೀಟರ್ ದೂರದಲ್ಲೇ ನೈರೋಬಿ ರಾಷ್ಟ್ರೀಯ ಉದ್ಯಾನ ಇದೆ. 1946ರಲ್ಲಿ ಶುರುವಾಗಿದ್ದು, 117 ಚದರ ಕಿಲೋಮೀಟರ್ ಜಾಗ. ಸಿಂಹ, ಚಿರತೆ, ಘೇಂಡಾಮೃಗ, ಕಾಡೆಮ್ಮೆ, ಜಿರಾಫೆ ಎಲ್ಲವೂ ಇವೆ. ಮೂರು ಕಡೆ ಬೇಲಿ ಇದೆ. ದಕ್ಷಿಣದ ಕಡೆ ಬೇಲಿ ಇಲ್ಲ, ಯಾಕಂದರೆ ಮಳೆ ಬಿದ್ದಾಗ ಜೀಬ್ರಾ, ವಿಲ್ಡೆಬೀಸ್ಟ್‌ಗಳು ಆಚೆಯ ಬಯಲಿಗೆ ಮೇಯಲು ಹೋಗಬೇಕು. ಅವು ಹೋದ ಕಡೆ ಸಿಂಹವೂ ಹೋಗುತ್ತದೆ. ಒಂದು ಕಾಲಕ್ಕೆ ಅದು ಮಾಸಾಯಿ ಬುಡಕಟ್ಟಿನವರು ದನ ಮೇಯಿಸುತ್ತಿದ್ದ ಖಾಲಿ ಬಯಲು. ಈಗ ಅಲ್ಲಿ ಸೈಟು, ಮನೆ, ತಂತಿ ಬೇಲಿ. ಹಾಗಾಗಿ ದಾರಿ ತಪ್ಪಿದ ಸಿಂಹ ಆಗೊಮ್ಮೆ ಈಗೊಮ್ಮೆ ಜನರಿರುವ ಕಡೆ ಕಾಣಿಸಿಕೊಳ್ಳುತ್ತದೆ. ಸಿಂಹ ಊರಿಗೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ಊರೇ ಅದರ ದಾರಿಗೆ ಬಂದು ಕೂತಿದೆ ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಮಗ ವೆಸ್ಟ್‌ಲ್ಯಾಂಡ್ಸ್ ಅಥವಾ ಕಿಲಿಮಾನಿ ಕಡೆ ಫ್ಲ್ಯಾಟ್‌ನಲ್ಲಿದ್ದರೆ ಸಿಂಹ ನೋಡಲು ಟಿಕೆಟ್ ತೆಗೆದುಕೊಂಡು ಪಾರ್ಕಿಗೇ ಹೋಗಬೇಕು. ಪಾರ್ಕಿನ ಪಕ್ಕದ ಲಂಗಾಟಾ, ರೊಂಗಾಯ್, ಕಿಟೆಂಗೆಲಾ ಕಡೆ ಮನೆ ಮಾಡಿದರೆ ಕತ್ತಲಾದ ಮೇಲೆ ನಡೆದು ಓಡಾಡೋದು ಬೇಡ ಅಂತ ಹೇಳಿ. ಅಷ್ಟು ಸಾಕು.

ಕಿಟೆಂಗೆಲಾ ಅಂದಾಗ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ರಿಚರ್ಡ್ ಟುರೆರೆ, ಮಾಸಾಯಿ ಹುಡುಗ. ಅವರ ಮನೆ ಈ ಪಾರ್ಕಿನ ಬೇಲಿಯಿಲ್ಲದ ಅಂಚಿನಲ್ಲೇ ಇತ್ತು. ರಾತ್ರಿ ಸಿಂಹ ಬಂದು ದನ ಕೊಲ್ಲುತ್ತಿದ್ದವು, ಜನ ಸಿಟ್ಟಿನಲ್ಲಿ ಸಿಂಹ ಕೊಲ್ಲುತ್ತಿದ್ದರು. ದನ ಕಾಯುವ ಕೆಲಸ ಇವನದ್ದು. ಟಾರ್ಚ್ ಹಿಡಿದು ಕೊಟ್ಟಿಗೆ ಸುತ್ತ ಓಡಾಡಿದ ರಾತ್ರಿ ಸಿಂಹ ಬರಲ್ಲ ಅಂತ ಗಮನಿಸಿದ. ಹಳೇ ಕಾರ್ ಬ್ಯಾಟರಿ, ಒಂದು ಸೋಲಾರ್ ಪ್ಯಾನೆಲ್, ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಡಬ್ಬಿ, ಟಾರ್ಚಿನ ಬಲ್ಬುಗಳು. ಇಷ್ಟನ್ನು ಜೋಡಿಸಿ, ಒಂದಾದ ಮೇಲೊಂದು ಮಿನುಗುವ ದೀಪ ಮಾಡಿ ಕೊಟ್ಟಿಗೆ ಸುತ್ತ ಕಟ್ಟಿದ. ಯಾರೋ ಓಡಾಡುತ್ತಿದ್ದಾರೆ ಅಂದುಕೊಂಡು ಸಿಂಹಗಳು ದೂರ ಉಳಿದವು. ಅಕ್ಕಪಕ್ಕದ ಮನೆಯವರೂ ಕಟ್ಟಿಸಿಕೊಂಡರು. 2013ರಲ್ಲಿ ಟೆಡ್ ಅನ್ನೋ ಹೆಸರಾಂತ ಭಾಷಣ ವೇದಿಕೆಯಲ್ಲಿ ನಿಂತು ಇದನ್ನು ಹೇಳಿದಾಗ ಅವನಿನ್ನೂ ಚಿಕ್ಕ ಹುಡುಗ. ಅಮ್ಮಾ, ನಿಮ್ಮ ಮಗ ಹೋಗುತ್ತಿರುವುದು ಇಂಥ ಜನರ ಊರಿಗೆ. ನಿದ್ದೆ ಮಾಡಿ.

ಪ್ರಶ್ನೆ: ಆಫ್ರಿಕಾದಲ್ಲಿ ಅತಿ ಅಪಾಯದ ಪ್ರಾಣಿ ಯಾವುದು? ನಿಮಗೆ ಯಾವತ್ತಾದರೂ ಜೀವಭಯ ಆಗಿತ್ತಾ?

ಆಗಿತ್ತು. ಸಿಂಹದಿಂದ ಅಲ್ಲ, ನೀರುಕುದುರೆಯಿಂದ. ಅದೇ, ಹಿಪ್ಪೊ.

ನೈವಾಶಾ ಸರೋವರದ ದಡದಲ್ಲಿ ಒಂದು ಕ್ಯಾಂಪ್. ರಾತ್ರಿ ಎಂಟಾಗಿತ್ತು. ಊಟ ಮುಗಿಸಿ ನನ್ನ ಟೆಂಟಿಗೆ ಹೋಗಬೇಕು, ಅರವತ್ತು ಎಪ್ಪತ್ತು ಹೆಜ್ಜೆ ಅಷ್ಟೆ. ಕತ್ತಲಾದ ಮೇಲೆ ಕಾವಲಿನವನನ್ನು ಕರೆದುಕೊಂಡೇ ಹೋಗಬೇಕು ಅಂತ ಬೋರ್ಡ್ ಹಾಕಿದ್ದರು. ಅಲ್ಲಿ ಕಾವಲಿನವರಿಗೆ ಅಸ್ಕಾರಿ ಅನ್ನುತ್ತಾರೆ. ಅಸ್ಕಾರಿ ಬೇರೆಯವರನ್ನು ಬಿಡಲು ಹೋಗಿದ್ದ. ಇಷ್ಟು ಹತ್ತಿರಕ್ಕೆ ಏನು ಕಾಯೋದು ಅಂತ ನಾನೊಬ್ಬನೇ ಹೊರಟೆ. ಅರ್ಧ ದಾರಿಯಲ್ಲಿ ಹುಲ್ಲು ಹರಿಯುವ ಶಬ್ದ ಕೇಳಿತು. ಯಾರೋ ಬಟ್ಟೆ ಹರಿಯುತ್ತಿದ್ದಾರೆ ಅನ್ನೋ ಹಾಗೆ, ಒಂದೇ ಸಮನೆ. ಎದುರಿಗೆ ಒಂದು ಬಂಡೆ ಇತ್ತು, ಹಗಲು ಅಲ್ಲಿ ಬಂಡೆ ಇರಲಿಲ್ಲವಲ್ಲ ಅಂತ ಯೋಚಿಸುತ್ತಿದ್ದಾಗಲೇ ಹಿಂದಿನಿಂದ ಯಾರೋ ಭುಜ ಹಿಡಿದು ಎಳೆದರು. ಅಸ್ಕಾರಿ. ಕಿವಿಯಲ್ಲಿ ಒಂದೇ ಮಾತು ಹೇಳಿದ: "ನ್ಗೋಜಾ." ತಾಳು ಅಂತ. ಮರದ ಹಿಂದೆ ಇಬ್ಬರೂ ಇಪ್ಪತ್ತು ನಿಮಿಷ ನಿಂತೆವು. ಅದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಯುತ್ತಾ ಮೇಯುತ್ತಾ ಆಚೆ ಹೋಯಿತು.

ಆಮೇಲೆ ಅವನು ಬೈಯಲಿಲ್ಲ. ನಿಧಾನಕ್ಕೆ ವಿವರಿಸಿದ. ಹೆದರಿದಾಗ ಹಿಪ್ಪೊ ಕಾಡಿಗೆ ಓಡಲ್ಲ, ನೀರಿಗೆ ಓಡುತ್ತದೆ. ನೀನು ನಿಂತಿದ್ದು ಅದಕ್ಕೂ ನೀರಿಗೂ ನಡುವೆ. "ಹಗಲು ಈ ದಾರಿ ನಮ್ಮದು, ಕತ್ತಲಾದ ಮೇಲೆ ದಾರಿ ಅವುಗಳದ್ದು" ಅಂದ. ಹನ್ನೊಂದು ವರ್ಷದಲ್ಲಿ ನಾನು ಪ್ರಾಣಿಗಳ ಬಗ್ಗೆ ಕಲಿತಿದ್ದೆಲ್ಲ ಆ ಮಾತಿನ ಬೆನ್ನಿಗೇ ಬಂದಿದ್ದು.

ನೋಡಿ, ಹಿಪ್ಪೊ ಮಾಂಸ ತಿನ್ನಲು ಬೇಟೆಯಾಡುವ ಪ್ರಾಣಿ ಅಲ್ಲ. ಹುಲ್ಲು ತಿಂದು ಬದುಕುವ ಜೀವಿ. ಅದರ ಚರ್ಮ ಬಿಸಿಲು ತಡೆಯಲ್ಲ, ಅದಕ್ಕೇ ಹಗಲೆಲ್ಲ ನೀರಲ್ಲಿ ಮುಳುಗಿರುತ್ತದೆ. ರಾತ್ರಿ ದಡಕ್ಕೆ ಬಂದು ಮೇಯುತ್ತದೆ, ದಿನಾ ಅದೇ ಹಾದಿಯಲ್ಲಿ. ಆ ಹಾದಿ ಹಗಲಲ್ಲಿ ಕಾಲುದಾರಿ ಥರಾನೇ ಕಾಣುತ್ತದೆ, ಗೊತ್ತಿಲ್ಲದವರು ಅದರ ಮೇಲೇ ಟೆಂಟ್ ಹಾಕುತ್ತಾರೆ. ಸಾವಿರದೈನೂರು ಕಿಲೋ ತೂಕ, ಆದರೂ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಮ್ಮ ಕೈಲಾಗಲ್ಲ. ಇದರಿಂದ ಜಾಸ್ತಿ ಸಾಯುವವರು ಪ್ರವಾಸಿಗರಲ್ಲ. ಬೆಳಗಿನ ಜಾವ ಸಣ್ಣ ದೋಣಿಯಲ್ಲಿ ಬಲೆ ಬೀಸಲು ಹೋಗುವ ಮೀನುಗಾರರು, ನೀರು ತರಲು ಹೋಗುವ ಹೆಂಗಸರು, ಹೊಳೆ ದಂಡೆಯಲ್ಲಿ ಜೋಳ ಬೆಳೆಯುವವರು. ನಮಗೆ ಅದು ಎರಡು ದಿನದ ಫೋಟೊ, ಅವರಿಗೆ ದಿನದ ಬದುಕು.

ದಕ್ಷಿಣ ಆಫ್ರಿಕಾದಲ್ಲಿ ಸೇಂಟ್ ಲೂಸಿಯಾ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ರಾತ್ರಿ ಹಿಪ್ಪೊಗಳು ಬೀದಿಯಲ್ಲೇ ನಡೆದು ಬಂದು ಮನೆ ಮುಂದಿನ ಹುಲ್ಲು ಮೇಯುತ್ತವೆ. ಊರಿನವರು ಅದಕ್ಕೆ ಹೊಂದಿಕೊಂಡಿದ್ದಾರೆ. ತಮ್ಮ ಹೊತ್ತು, ಅದರ ಹೊತ್ತು ಅಂತ ಬೇರೆ ಮಾಡಿಕೊಂಡಿದ್ದಾರೆ.

ಪ್ರಶ್ನೆ: ಆಫ್ರಿಕಾದಲ್ಲಿ ಹುಲಿ ಇವೆಯಾ?

ಕಾಡಿನಲ್ಲಿ ಇಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸುತ್ತೇನೆ. ಕನ್ನಡದಲ್ಲಿ ನಾವು ಎಷ್ಟೋ ಸಲ ಚೀತಾವನ್ನೂ ಚಿರತೆ ಅಂತಲೇ ಬರೆದುಬಿಡುತ್ತೇವೆ. ಎರಡೂ ಬೇರೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಚಿರತೆ ಚುಯಿ, ಚೀತಾ ಡೂಮಾ. ಚೀತಾದ ಕಣ್ಣಿನಿಂದ ಬಾಯಿವರೆಗೆ ಕಣ್ಣೀರು ಇಳಿದ ಹಾಗೆ ಕಪ್ಪು ಗೆರೆ ಇರುತ್ತದೆ. ಚಿರತೆಗೆ ಅದಿಲ್ಲ. ಮತ್ತೆ ಸ್ವಾಹಿಲಿಯಲ್ಲಿ ಮಾಂಬಾ ಅಂದರೆ ಮೊಸಳೆ, ಹಾವಲ್ಲ. ಹೊಳೆ ಹತ್ತಿರ ಯಾರಾದರೂ ಮಾಂಬಾ ಅಂತ ಕೂಗಿದರೆ ಕಾಲ ಕೆಳಗೆ ಹಾವು ಹುಡುಕುತ್ತಾ ನಿಲ್ಲಬೇಡಿ. ನೀರಿನಿಂದ ದೂರ ಓಡಿ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಬಾಡಿಗೆ ಕಾರಿನಲ್ಲಿ ನಾವೇ ಡ್ರೈವ್ ಮಾಡಿಕೊಂಡು ಕ್ರೂಗರ್ ಮತ್ತು ಕೀನ್ಯಾದ ಆಂಬೊಸೆಲಿ ಅಭಯಾರಣ್ಯ ನೋಡಬೇಕು ಅಂದುಕೊಂಡಿದ್ದೇವೆ. ಆನೆ ಎದುರಾದರೆ ಏನು ಮಾಡಬೇಕು? ಹಾರ್ನ್ ಮಾಡಬಹುದಾ?

ದಯವಿಟ್ಟು ಹಾರ್ನ್ ಮಾಡಬೇಡಿ. ಲೈಟ್ ಹೊಡೆಯಬೇಡಿ, ಇಂಜಿನ್ ರೈಸ್ ಮಾಡಬೇಡಿ. ಕಾರಿನಿಂದ ಇಳಿಯೋ ಮಾತಂತೂ ಬೇಡವೇ ಬೇಡ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೆಯಲ್ಲಿ 40. ಅದಕ್ಕಿಂತ ನಿಧಾನಕ್ಕೆ ಹೋದರೇ ಒಳ್ಳೆಯದು, ಯಾಕಂದರೆ ತಿರುವಿನಲ್ಲಿ ಆನೆ ನಿಂತಿರುವುದು ಗೊತ್ತೇ ಆಗಲ್ಲ. ಅಷ್ಟು ದೊಡ್ಡ ಪ್ರಾಣಿ ಪೊದೆ ಹಿಂದೆ ಹೇಗೆ ಕಾಣದಂತೆ ನಿಲ್ಲುತ್ತದೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಿಂದಕ್ಕೆ ಹೋಗಲು ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಹಿಂದೆ ಇನ್ನೊಂದು ಕಾರು ಅಂಟಿಕೊಂಡು ನಿಂತಿದ್ದರೆ ಅದೇ ನಿಜವಾದ ತೊಂದರೆ. ಮರಿ ಇರುವ ಗುಂಪಾದರೆ ತಾಯಿಗೂ ಮರಿಗೂ ನಡುವೆ ಹೋಗಬೇಡಿ. ಆನೆ ತಲೆ ಎತ್ತಿ, ಕಿವಿ ಅಗಲಿಸಿ, ಮಣ್ಣು ಎರಚಿ, ಘೀಳಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಮಾನ್ಯವಾಗಿ ಅದು ಎಚ್ಚರಿಕೆ, "ಇಷ್ಟು ಹತ್ತಿರ ಸಾಕು" ಅಂತ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಸುತ್ತಿಕೊಂಡು, ಶಬ್ದ ಇಲ್ಲದೆ ಬಂದರೆ ಅದು ನಿಜವಾದ ದಾಳಿ. ಆದರೆ ಇದನ್ನು ಪುಸ್ತಕದ ಪಾಠದ ಹಾಗೆ ನಂಬಿಕೊಂಡು ಮೊದಲನೆಯದಕ್ಕೆ ಹೆದರದೆ ನಿಲ್ಲಬೇಡಿ. ಮೊದಲನೆಯದು ಕಂಡ ತಕ್ಷಣ ನಿಧಾನಕ್ಕೆ ಹಿಂದೆ ಸರಿಯಿರಿ.

ಮತ್ತೆ ಮದ. ಈ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಹಳೆಯದು! ಮದವೇರಿದ ಆನೆ ಅಂದರೆ ಮಕ್ಕಳಿಗೂ ಗೊತ್ತು. ಆದರೆ ಆಫ್ರಿಕಾದ ಆನೆಗೂ ಮದ ಬರುತ್ತದೆ ಅಂತ ವಿಜ್ಞಾನಿಗಳು ಬರೆದಿದ್ದು 1981ರಲ್ಲಿ, ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಅನ್ನೋ ಇಬ್ಬರು ಹೆಂಗಸರು ಆಂಬೊಸೆಲಿಯಲ್ಲಿ ನೋಡಿ ನೋಡಿ ಬರೆದರು. ಮಾಸ್ ಅಲ್ಲಿನ ಒಂದೊಂದು ಆನೆಯನ್ನೂ ಗುರುತಿಟ್ಟು ನೋಡಲು ಶುರುಮಾಡಿದ್ದು 1972ರಲ್ಲಿ. ಇಂಥ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಅದೇ ಆಂಬೊಸೆಲಿಯಲ್ಲಿ ಒಂದು ಸಂಜೆ ನಾನೂ ನನ್ನ ಸಹೋದ್ಯೋಗಿಯೂ ಗೇಟಿನ ಕಡೆ ಹೊರಟಿದ್ದೆವು. ಆರು ಗಂಟೆಗೆ ಗೇಟ್ ಮುಚ್ಚುತ್ತಾರೆ. ಐದಕ್ಕೆ ಸರಿಯಾಗಿ ದಾರಿ ನಡುವೆ ಒಂಟಿ ಗಂಡಾನೆ. ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ಒದ್ದೆಯಾಗಿ ಮದ ಇಳಿಯುತ್ತಿತ್ತು, ಹಿಂಗಾಲುಗಳೂ ಮೂತ್ರದಿಂದ ಒದ್ದೆ. ವಾಸನೆ ಕಾರಿನೊಳಗೂ ಬಂತು. ಸುಮಾರು ಮುನ್ನೂರು ಮೀಟರ್ ರಿವರ್ಸ್ ಹೋಗಿ ನಿಂತೆವು. ಒಂದು ಗಂಟೆ ಕಾದೆವು. ಅದು ದಾರಿ ಬಿಟ್ಟ ಮೇಲೆ ಗೇಟಿಗೆ ಬಂದಾಗ ತಡವಾಗಿತ್ತು, ರೇಂಜರ್‌ಗೆ ಕಾರಣ ಹೇಳಿದೆವು. "ಮದದ ಆನೆ ಇದ್ದರೆ ತಡವಾಗಲೇಬೇಕು" ಅಂತ ಅವರು ಗೇಟ್ ತೆಗೆದರು. ಗೇಟಿನ ಆತುರಕ್ಕೆ ಆನೆ ಪಕ್ಕದಲ್ಲಿ ಕಾರು ನುಗ್ಗಿಸುವವರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ. ಹೊರಡುವಾಗಲೇ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಇನ್ನೊಬ್ಬರು ಕೇಳಿದ್ದಾರೆ, ಆನೆ ಹೊಲಕ್ಕೆ ಬಂದರೆ ಅಲ್ಲಿನ ರೈತರು ಏನು ಮಾಡುತ್ತಾರೆ ಅಂತ. ತಗಡು ಬಡಿಯುತ್ತಾರೆ, ಬೆಂಕಿ ಹಾಕುತ್ತಾರೆ, ರಾತ್ರಿಯೆಲ್ಲ ಎಚ್ಚರ ಇರುತ್ತಾರೆ. ಕೀನ್ಯಾದ ತ್ಸಾವೊ ಅಭಯಾರಣ್ಯದ ಪಕ್ಕದ ಸಗಲ್ಲಾದಲ್ಲಿ ಇನ್ನೊಂದು ಉಪಾಯ ನೋಡಿದೆ. ಆನೆಗೆ ಜೇನುಹುಳ ಕಂಡರೆ ಭಯ. ಸೊಂಡಿಲ ಒಳಗೆ, ಕಣ್ಣಿನ ಸುತ್ತ ಕಚ್ಚಿದರೆ ತಡೆಯಲಾಗಲ್ಲ. ಲೂಸಿ ಕಿಂಗ್ ಅನ್ನೋ ಸಂಶೋಧಕಿ ಇದನ್ನೇ ಬೇಲಿ ಮಾಡಿದರು. ಹೊಲದ ಸುತ್ತ ಹತ್ತತ್ತು ಮೀಟರಿಗೆ ಒಂದೊಂದು ಪೆಟ್ಟಿಗೆ, ನಡುವೆ ತಂತಿ. ಆನೆ ತಂತಿ ತಾಗಿಸಿದರೆ ಪೆಟ್ಟಿಗೆ ಅಲ್ಲಾಡುತ್ತದೆ, ಹುಳ ಎದ್ದು ಬರುತ್ತವೆ. ರೈತರಿಗೆ ಜೇನೂ ಸಿಗುತ್ತದೆ. ಬರಗಾಲದಲ್ಲಿ ಹುಳ ಗೂಡು ಬಿಟ್ಟು ಹೋಗುತ್ತವೆ, ಆಗ ಕಷ್ಟ. ಆದರೂ ಗುಂಡು ಹಾರಿಸುವುದಕ್ಕಿಂತ ಎಷ್ಟೋ ಮೇಲು, ಅಲ್ವಾ.

ಪ್ರಶ್ನೆ: ಟೆಂಟಿನಲ್ಲಿ ಮಲಗಿದಾಗ ಸಿಂಹ ಬಟ್ಟೆ ಹರಿದು ಒಳಗೆ ಬರಲ್ವಾ?

ಜಿಪ್ ಪೂರ್ತಿ ಹಾಕಿದ ಟೆಂಟನ್ನು ಸಿಂಹ ಸಾಮಾನ್ಯವಾಗಿ ಒಂದು ದೊಡ್ಡ ಗಟ್ಟಿ ವಸ್ತು ಅಂತ ನೋಡಿ ಸುತ್ತಿಕೊಂಡು ಹೋಗುತ್ತದೆ. ಅಪಾಯ ಆಗೋದು ಸೆಖೆ ಅಂತ ಜಿಪ್ ತೆಗೆದು ಮಲಗಿದಾಗ, ಅಥವಾ ರಾತ್ರಿ ಎದ್ದು ಹೊರಗೆ ಹೋದಾಗ. ಮಲಗುವ ಮುಂಚೆ ಎಲ್ಲ ಮುಗಿಸಿಕೊಳ್ಳಿ. ತಿಂಡಿ ಒಳಗಿಡಬೇಡಿ. ಶೂ ಹೊರಗಿಡಬೇಡಿ, ಕತ್ತೆಕಿರುಬ ಎತ್ತಿಕೊಂಡು ಹೋಗುತ್ತದೆ. ಒಳಗಿಟ್ಟರೂ ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ.

ಶಬ್ದಕ್ಕೆ ಹೆದರಬೇಡಿ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ, ಪಕ್ಕದಲ್ಲೇ ಇದೆ ಅನ್ನಿಸಿದರೂ ಇರಬೇಕಾಗಿಲ್ಲ. ನನ್ನನ್ನು ಮೊದಲ ರಾತ್ರಿ ಎಬ್ಬಿಸಿದ್ದು ಸಿಂಹ ಅಲ್ಲ, ಮಗುವಿನ ಅಳು. ಮರದ ಮೇಲಿಂದ! ಅದಕ್ಕೆ ಇಂಗ್ಲಿಷಿನಲ್ಲಿ ಬುಷ್ ಬೇಬಿ ಅನ್ನುತ್ತಾರೆ. ನಮ್ಮ ಕಾಡುಪಾಪದ ದಾಯಾದಿ ಅದು. ದೊಡ್ಡ ಕಣ್ಣಿನ ಆ ಪುಟ್ಟ ಜೀವಕ್ಕೆ ಎರಡು ಭಾಷೆಯವರು ಒಂದೇ ಅರ್ಥದ ಹೆಸರಿಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ಆ ಅಳು ಕೇಳಿದರೆ ನನಗೆ ಮನೆ ನೆನಪಾಗುತ್ತಿತ್ತು.

ಪ್ರಶ್ನೆ: ಮಂಗಗಳಿಗೆ ಬಾಳೆಹಣ್ಣು ಕೊಡುವುದು ಪುಣ್ಯ ಅಲ್ಲವೇ? ಅಲ್ಲಿ ಯಾಕೆ ಬೇಡ ಅನ್ನುತ್ತಾರೆ?

ಕೊಡುವ ಮನಸ್ಸು ಒಳ್ಳೆಯದೇ. ಆದರೆ ಆ ಒಂದು ಹಣ್ಣು ಕೊನೆಗೆ ಅದರ ಜೀವ ತೆಗೆಯುತ್ತದೆ. ಬಬೂನ್ ಒಂದು ಸಲ ಮನುಷ್ಯರ ಕೈಯಿಂದ ತಿಂದರೆ ಮುಂದಿನ ಸಲ ಕೇಳಲ್ಲ, ಕಿತ್ತುಕೊಳ್ಳುತ್ತದೆ. ಕಾರಿನ ಬಾಗಿಲು ತೆಗೆಯೋದು, ಅಡುಗೆಮನೆಗೆ ನುಗ್ಗೋದು ಕಲಿಯುತ್ತದೆ. ಗಂಡು ಬಬೂನಿನ ಕೋರೆಹಲ್ಲು ದೊಡ್ಡವು. ಜನರ ಮೇಲೆ ಎರಗಲು ಶುರುಮಾಡಿದ ಬಬೂನನ್ನು ಕೊನೆಗೆ ಕೊಲ್ಲುತ್ತಾರೆ. ಕೇಪ್‌ ಟೌನ್ ಸುತ್ತ ಹೀಗಾಗಿದೆ. ಹಣ್ಣು ಕೊಟ್ಟವರು ಆ ಹೊತ್ತಿಗೆ ವಿಮಾನ ಹತ್ತಿ ಹೋಗಿರುತ್ತಾರೆ. ಕೊಡಬೇಡಿ.

ಪ್ರಶ್ನೆ: ದೊಡ್ಡ ಪ್ರಾಣಿಗಳ ವಿಷಯ ಬಿಡಿ, ಹುಳಹುಪ್ಪಟೆ ಬಗ್ಗೆ ಹೇಳಿ. ಎರಡು ವರ್ಷ ತಾಂಜಾನಿಯಾದ ಅರುಷಾದಲ್ಲಿ ಇರಬೇಕು, ಜೊತೆಗೆ ಆರು ತಿಂಗಳ ಮಗು ಇದೆ.

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಅಲ್ಲಿ ನಿಜವಾಗಿ ಭಯ ಪಡಬೇಕಾದ್ದು ಸೊಳ್ಳೆಗೆ. ಪ್ರಪಂಚದಲ್ಲಿ ಮಲೇರಿಯಾದಿಂದ ಸಾಯುವ ನೂರು ಜನರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಆಫ್ರಿಕಾದವರು, ಅವರಲ್ಲೂ ಬಹಳಷ್ಟು ಐದು ವರ್ಷದೊಳಗಿನ ಮಕ್ಕಳು. ಅರುಷಾ, ನೈರೋಬಿ ಎತ್ತರದ ಊರುಗಳು, ಅಲ್ಲಿ ಕಡಿಮೆ. ಸಮುದ್ರ ತೀರಕ್ಕೋ ವಿಕ್ಟೋರಿಯಾ ಸರೋವರದ ಕಡೆಗೋ ಹೋದರೆ ತುಂಬಾ ಜಾಸ್ತಿ. ಆ ಸೊಳ್ಳೆ ಕಚ್ಚೋದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಮಗುವಿಗೆ ಔಷಧಿ ಹಾಕಿದ ಸೊಳ್ಳೆಪರದೆ ಬೇಕೇ ಬೇಕು. ಮಾತ್ರೆ ಯಾವುದು ಅಂತ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ, ಮಗುವಿನ ತೂಕದ ಮೇಲೆ ಕೊಡುತ್ತಾರೆ. ವಾಪಸ್ ಬಂದ ಮೇಲೆ ತಿಂಗಳು ಕಳೆದು ಜ್ವರ ಬಂದರೂ "ಆಫ್ರಿಕಾದಲ್ಲಿದ್ದೆವು" ಅಂತ ಮೊದಲ ಮಾತಲ್ಲೇ ಹೇಳಿ. ಆ ಒಂದು ಮಾತು ಹೇಳದೆ ತಡವಾದವರನ್ನು ನಾನು ಬಲ್ಲೆ.

ಕೀನ್ಯಾ, ಉಗಾಂಡಾಗಳಿಗೂ ಹೋಗುವುದಾದರೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಇರಲಿ. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ. ಕಾರ್ಡ್ ಇಲ್ಲದೆ ಭಾರತಕ್ಕೆ ವಾಪಸ್ ಬಂದರೆ ಆರು ದಿನದವರೆಗೆ ಬೇರೆ ಇಡಬಹುದು.

ಮಳೆಗಾಲದಲ್ಲಿ ನೈರೋಬಿ ನೊಣ ಅಂತ ಒಂದು ಬರುತ್ತದೆ. ಹೆಸರಿಗೆ ನೊಣ, ನಿಜಕ್ಕೂ ಕೆಂಪು ಕಪ್ಪು ಪಟ್ಟೆಯ ಉದ್ದನೆಯ ಸಣ್ಣ ಜೀರುಂಡೆ. ಕಚ್ಚಲ್ಲ. ಆದರೆ ಮೈಮೇಲೆ ಕೂತಾಗ ಹೊಡೆದು ಜಜ್ಜಿದರೆ ಅದರ ರಸಕ್ಕೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಸುಮ್ನೆ ಊದಿಬಿಡಿ. ಜಜ್ಜಿಯೇ ಹೋಯಿತು ಅಂದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ. ದೀಪಕ್ಕೆ ಬರುತ್ತವೆ, ಮಗುವಿನ ತೊಟ್ಟಿಲ ಮೇಲಿನ ಲೈಟ್ ಆರಿಸಿ.

ಇನ್ನು ಸಿಯಾಫು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಗು ಇದೆ ಅಂದಿರಲ್ಲ. ಇವು ಸಾಲು ಹೋಗುವ ಇರುವೆಗಳು, ಲಕ್ಷಗಟ್ಟಲೆ. ಅರುಷಾದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಪಕ್ಕದ ಮನೆ ಕೋಳಿಗೂಡಿನಲ್ಲಿ ಗಲಾಟೆ. ಆ ಮನೆಯ ಮಾಮಾ ಬಂದು ನಮ್ಮ ಬಾಗಿಲು ಬಡಿದರು. ಅಲ್ಲಿ ಮಾಮಾ ಅಂದರೆ ಅಮ್ಮ, ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯಬೇಕು. "ಸಿಯಾಫು, ಮೊದಲು ಮಗು ಎತ್ತಿಕೊಂಡು ಹೊರಗೆ ಬನ್ನಿ, ಆಮೇಲೆ ಉಳಿದಿದ್ದು" ಅಂದರು. ಟಾರ್ಚ್ ಹಾಕಿ ನೋಡಿದರೆ ಗೋಡೆ ಮೇಲೆ ಕಪ್ಪು ಹಗ್ಗ ಹರಿಯುತ್ತಿದೆ. ಕಾಲಿಗೆ ಹತ್ತಿದವನ್ನು ಎಳೆದರೆ ಮೈ ಕಿತ್ತು ಬರುತ್ತದೆ, ತಲೆ ಕಚ್ಚಿಕೊಂಡೇ ಇರುತ್ತದೆ. ಕಟ್ಟಿಹಾಕಿದ, ಓಡಲಾಗದ ಪ್ರಾಣಿಗಳನ್ನು ಕೊಲ್ಲುತ್ತವೆ. ಮಾಮಾ ಅವರ ಐದು ಕೋಳಿ ಹೋದವು. ಓಡಿ ತಪ್ಪಿಸಿಕೊಳ್ಳುವವರಿಗೆ ಅಪಾಯ ಇಲ್ಲ. ಅವರ ಅಂಗಳದಲ್ಲಿ ಚಾಪೆ ಹಾಕಿ ಕೂತು, ಬೆಳಿಗ್ಗೆ ವಾಪಸ್ ಹೋದಾಗ ಇರುವೆ ಇಲ್ಲ, ಮನೆಯಲ್ಲಿ ಒಂದು ಜಿರಳೆಯೂ ಇಲ್ಲ. ಸಾಲು ಹೋಗುವ ಕಡೆ ಹೋಗಲು ಬಿಡಬೇಕು ಅಂತ ಮಾಮಾ ಹೇಳಿಕೊಟ್ಟರು. ಮನೆಗೆ ನುಗ್ಗದಂತೆ ಹೊಸಲಿನ ಸುತ್ತ ಬೂದಿ ಹಾಕುವುದನ್ನೂ ಅವರಿಂದಲೇ ಕಲಿತೆ. ನೀವು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಿ.

ತರಂಗಿರೆ, ಸೆರೆಂಗೆಟಿ ಅಭಯಾರಣ್ಯಗಳಿಗೆ ಹೋಗುವಾಗ ಕಡುನೀಲಿ, ಕಪ್ಪು ಬಟ್ಟೆ ಬೇಡ. ಕಚ್ಚಿ ರಕ್ತ ಹೀರುವ ತ್ಸೆತ್ಸೆ ನೊಣಕ್ಕೆ ಆ ಬಣ್ಣ ಇಷ್ಟ. ಅಲ್ಲಿ ಮರಗಳಲ್ಲಿ ನೀಲಿ ಕಪ್ಪು ಬಟ್ಟೆ ನೇತಾಡುತ್ತಿರುತ್ತದೆ, ನೊಣ ಬಂದು ಕೂತು ಸಾಯಲಿ ಅಂತ ಔಷಧಿ ಹಚ್ಚಿ ಕಟ್ಟಿದ್ದು.

ಪ್ರಶ್ನೆ: ಮಾಸಾಯಿ ಮಾರಾದಲ್ಲಿ ನಮ್ಮ ಗಾಡಿ ಸೇರಿ ಇಪ್ಪತ್ತು ಗಾಡಿಗಳು ಒಂದು ಚೀತಾ ಮತ್ತು ಮರಿಗಳನ್ನು ಸುತ್ತುವರಿದಿದ್ದವು. ಫೋಟೊ ಚೆನ್ನಾಗಿ ಬಂತು. ಆದರೆ ಮನಸ್ಸಿಗೆ ಏನೋ ಕಸಿವಿಸಿ. ತಪ್ಪು ಮಾಡಿದೆವಾ?

ಹೌದು. ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತಿದ್ದೇನೆ. ಸಿಂಹ, ಚಿರತೆ ರಾತ್ರಿ ಬೇಟೆಯಾಡುತ್ತವೆ. ಚೀತಾ ಅವುಗಳಿಂದ ತಪ್ಪಿಸಿಕೊಳ್ಳಲು ಹಗಲು ಬೇಟೆಯಾಡುತ್ತದೆ, ಅಂದರೆ ನಾವು ಗಾಡಿ ತೆಗೆದುಕೊಂಡು ಹೋಗುವ ಹೊತ್ತಿಗೇ. ಇಪ್ಪತ್ತು ಗಾಡಿ ಸುತ್ತ ನಿಂತರೆ ಅದು ಬೇಟೆ ಬಿಡುತ್ತದೆ, ಮರಿಗಳು ಹಸಿದಿರುತ್ತವೆ. ಮಾರಾದಲ್ಲೇ ಮಾಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ನೋಡಿ: ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.32 ಮರಿಗಳನ್ನು ದೊಡ್ಡದು ಮಾಡಿದರೆ, ಪ್ರವಾಸಿಗರು ತುಂಬಿದ ಕಡೆ 0.21. ಈ ಲೆಕ್ಕ ಓದಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಪ್ರಾಣಿ ಹತ್ತಿರ ಐದು ಗಾಡಿಗಿಂತ ಹೆಚ್ಚು ನಿಲ್ಲಬಾರದು ಅಂತ ಅಲ್ಲಿ ನಿಯಮ ಇದೆ. ಡ್ರೈವರ್‌ಗೂ ಗೊತ್ತು. ಆದರೆ ಹತ್ತಿರ ಹೋಗದಿದ್ದರೆ ಟಿಪ್ಸ್ ಸಿಗಲ್ಲ ಅನ್ನೋ ಭಯ ಅವರಿಗೆ, ಅವರ ಸಂಸಾರ ನಡೆಯುವುದು ಅದರಿಂದಲೇ. ಹಾಗಾಗಿ ಮಾತಾಡಬೇಕಾದವರು ನಾವು. ಬೆಳಿಗ್ಗೆ ಗಾಡಿ ಹತ್ತುವಾಗಲೇ ಹೇಳಿಬಿಡಿ: ಗುಂಪಿದ್ದರೆ ನಾವು ದೂರ ನಿಲ್ಲೋಣ, ದಾರಿ ಬಿಟ್ಟು ಇಳಿಯೋದು ಬೇಡ, ಟಿಪ್ಸ್ ಕಡಿಮೆ ಆಗಲ್ಲ. ಹೀಗೆ ಹೇಳಿದಾಗ ಎಷ್ಟು ಡ್ರೈವರ್‌ಗಳ ಮುಖ ಅರಳಿದ್ದನ್ನು ನೋಡಿದ್ದೇನೆ! ಆಮೇಲೆ ಅವರು ತೋರಿಸುವ ಕಾಡೇ ಬೇರೆ.

ಪ್ರಶ್ನೆ: ಗೊರಿಲ್ಲಾ ನೋಡಲು ಅಷ್ಟೊಂದು ದುಡ್ಡು ಯಾಕೆ?

ಪರ್ಮಿಟ್ ರುವಾಂಡಾದಲ್ಲಿ 1500 ಡಾಲರ್, ಉಗಾಂಡಾದಲ್ಲಿ 800. ಹೌದು, ಜಾಸ್ತಿ. ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. 2018ರ ಎಣಿಕೆಯ ಪ್ರಕಾರ ಬೆಟ್ಟದ ಗೊರಿಲ್ಲಾಗಳು ಇದ್ದಿದ್ದು 1063. ಆ ದುಡ್ಡಿಲ್ಲದೆ ಕಾವಲು ನಡೆಯಲ್ಲ. ನಮ್ಮ ನೆಗಡಿ ಅವುಗಳಿಗೆ ಪ್ರಾಣಕ್ಕೇ ಬರಬಹುದು, ಅದಕ್ಕೆ ಮಾಸ್ಕ್ ಹಾಕಿಸುತ್ತಾರೆ, ದೂರ ನಿಲ್ಲಿಸುತ್ತಾರೆ. ಹದಿನೈದು ವರ್ಷದೊಳಗಿನವರಿಗೆ ಪ್ರವೇಶ ಇಲ್ಲ. ಆವತ್ತು ನಿಮಗೆ ಸಣ್ಣ ಶೀತ ಇದ್ದರೂ ಮುಚ್ಚಿಡಬೇಡಿ.

ಪ್ರಶ್ನೆ: ತ್ಸಾವೊದಲ್ಲಿ ರೈಲು ಹಾಕಲು ಹೋದ ನಮ್ಮವರನ್ನು ಸಿಂಹ ತಿಂದವು ಅಂತ ಅಜ್ಜ ಹೇಳುತ್ತಿದ್ದರು. ಕಥೆಯಾ, ನಿಜವಾ?

ನಿಜ. 1898ರಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆ ರೈಲು ಹಾಕುವಾಗ ತ್ಸಾವೊ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಆ ರೈಲು ಕೆಲಸಕ್ಕೆ ಆಗಿನ ಭಾರತದಿಂದ ಕರೆದೊಯ್ದ ಕೂಲಿಗಳು 30,000ಕ್ಕಿಂತ ಹೆಚ್ಚು, ಬಹಳಷ್ಟು ಪಂಜಾಬಿನವರು. ಕೇಸರ ಇಲ್ಲದ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಟೆಂಟುಗಳಿಂದ ಜನರನ್ನು ಎಳೆದುಕೊಂಡು ಹೋದವು. ಡಿಸೆಂಬರಿನಲ್ಲಿ ಇಂಜಿನಿಯರ್ ಪ್ಯಾಟರ್ಸನ್ ಎರಡನ್ನೂ ಕೊಂದರು. ಸತ್ತವರು 135 ಅಂತ ಅವರು ಮುಂದೆ ಹೇಳಿದರು. ಸಿಂಹಗಳ ಮೂಳೆ, ಕೂದಲು ಪರೀಕ್ಷೆ ಮಾಡಿ 2009ರಲ್ಲಿ ಬಂದ ಲೆಕ್ಕ ಸುಮಾರು 35. ಒಂದು ಸಿಂಹದ ಕೋರೆಹಲ್ಲು ಮುರಿದು ಕೀವಾಗಿತ್ತು, ಬೇಟೆ ಹಿಡಿಯಲು ಅದಕ್ಕೆ ಆಗುತ್ತಿರಲಿಲ್ಲ. ಆ ವರ್ಷಗಳಲ್ಲಿ ದನಕರುಗಳಿಗೆ ಬರುವ ದೊಡ್ಡರೋಗ ಬಂದು ದನ, ಕಾಡೆಮ್ಮೆಗಳೂ ಸತ್ತು ಹೋಗಿದ್ದವು. ಮುಳ್ಳಿನ ಬೇಲಿ ಹಿಂದೆ ಬಟ್ಟೆಯ ಟೆಂಟಿನಲ್ಲಿ ಮಲಗಿದ್ದ ಕೂಲಿಗಳು ಸುಲಭಕ್ಕೆ ಸಿಕ್ಕರು. ಆ ಎರಡು ಸಿಂಹ ಇವತ್ತು ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ನಿಂತಿವೆ. 2017ರಿಂದ ಓಡುವ ಹೊಸ ರೈಲಿನಲ್ಲಿ ನೈರೋಬಿಯಿಂದ ಮೊಂಬಾಸಾಗೆ ಹೋಗುವಾಗ ತ್ಸಾವೊ ಬಂದರೆ ಎಲ್ಲರೂ ಕಿಟಕಿಯಲ್ಲಿ ಕೆಂಪು ಮಣ್ಣಿನ ಆನೆ ಹುಡುಕುತ್ತಾರೆ. ನಾನೂ ಹುಡುಕುತ್ತಿದ್ದೆ. ಸೇತುವೆ ದಾಟುವಾಗ ಮಾತ್ರ ಆ ಕೂಲಿಗಳು ನೆನಪಾಗಿ ಮಾತು ನಿಂತುಹೋಗುತ್ತಿತ್ತು.

ಪ್ರಶ್ನೆ: ನಾನು ಐದನೇ ಕ್ಲಾಸ್. ಮನುಷ್ಯರ ಜೊತೆ ಸ್ನೇಹ ಮಾಡುವ ಕಾಡುಪ್ರಾಣಿ ಆಫ್ರಿಕಾದಲ್ಲಿ ಇದೆಯಾ? ಸಾಕಿದ್ದು ಅಲ್ಲ, ನಿಜವಾಗಿ ಕಾಡಿನದ್ದು.

ಇದೆ ಪುಟ್ಟಾ. ಪ್ರಾಣಿ ಅಲ್ಲ, ಹಕ್ಕಿ. ನೋಡಲು ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಬಣ್ಣವೂ ಅಂಥಾದ್ದೇನಲ್ಲ. ಜೇನು ತೋರಿಸುವ ಹಕ್ಕಿ. ಅದಕ್ಕೆ ಜೇನುಮೇಣ ತಿನ್ನುವ ಆಸೆ. ಗೂಡು ಎಲ್ಲಿದೆ ಅಂತ ಗೊತ್ತು, ಆದರೆ ಒಡೆಯಲು ಆಗಲ್ಲ. ಮನುಷ್ಯನಿಗೆ ಒಡೆಯಲು ಬರುತ್ತದೆ, ಎಲ್ಲಿದೆ ಅಂತ ಗೊತ್ತಿಲ್ಲ. ಅದಕ್ಕೆ ಹಕ್ಕಿ ಬಂದು ಚಿರಚಿರ ಅಂತ ಕರೆಯುತ್ತದೆ, ಮರದಿಂದ ಮರಕ್ಕೆ ಹಾರುತ್ತಾ ಕರೆದುಕೊಂಡು ಹೋಗುತ್ತದೆ. ಮೊಜಾಂಬಿಕ್‌ನ ಯಾವೊ ಜನ "ಬ್ರ್‌ರ್‌ರ್ ಹ್ಮ್" ಅಂತ ಕೂಗಿ ಹಕ್ಕಿಯನ್ನು ಕರೆಯುತ್ತಾರೆ. 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಬೇರೆ ಶಬ್ದ ಮಾಡಿದಾಗ ನೂರಕ್ಕೆ 33 ಸಲ ದಾರಿ ತೋರಿಸಿದ ಹಕ್ಕಿ, ಈ ಕೂಗು ಕೂಗಿದಾಗ 66 ಸಲ ತೋರಿಸಿತ್ತು. ಇದನ್ನು ಅದಕ್ಕೆ ಅಪ್ಪ ಅಮ್ಮ ಹೇಳಿಕೊಟ್ಟಿಲ್ಲ. ಕೋಗಿಲೆ ಮರಿ ಥರ ಇದರ ಮರಿಯೂ ಬೇರೆ ಹಕ್ಕಿಯ ಗೂಡಲ್ಲಿ ಬೆಳೆಯುತ್ತದೆ.

ನಾನು ಇದನ್ನು ನೋಡಿದ್ದು ತಾಂಜಾನಿಯಾದ ಎಯಾಸಿ ಸರೋವರದ ಹತ್ತಿರ, ಹಾಡ್ಜಾ ಜನರ ಜೊತೆ. ಅವರು ಸಿಳ್ಳೆ ಹಾಕುತ್ತಾರೆ. ಒಬ್ಬರು ಸಿಳ್ಳೆ ಹಾಕಿದರು, ಹಕ್ಕಿ ಉತ್ತರ ಕೊಟ್ಟಿತು, ಅರ್ಧ ಗಂಟೆ ಮುಳ್ಳಿನ ಪೊದೆ ನಡುವೆ ಅದರ ಹಿಂದೆ ನಡೆದೆವು. ಒಂದು ದೊಡ್ಡ ಬಾವೊಬಾಬ್ ಮರದ ಹತ್ತಿರ ಕೂಗು ನಿಂತಿತು. ಮೇಲೆ ಪೊಟರೆಯಲ್ಲಿ ಜೇನು. ಅವರು ಮರಕ್ಕೆ ಗೂಟ ಹೊಡೆದು ಹತ್ತಿ, ಹೊಗೆ ಹಾಕಿ ಜೇನು ತೆಗೆದರು. ನನಗೂ ಬಿಸಿಬಿಸಿ ಜೇನುಗೂಡಿನ ತುಂಡು ಕೊಟ್ಟರು. ಯಾವೊ ಜನ ಹಕ್ಕಿಗೆ ಮೇಣ ಎಲೆ ಮೇಲೆ ಇಟ್ಟು ಹೋಗುತ್ತಾರಂತೆ. ಇವರು ಉಳಿದ ಮೇಣವನ್ನು ಬೆಂಕಿಗೆ ಹಾಕಿದರು. ಯಾಕೆ ಹೀಗೆ ಅಂತ ಕೇಳಿದೆ. ಹೊಟ್ಟೆ ತುಂಬಿದರೆ ಮಲಗುತ್ತದೆ, ಹಸಿವಿದ್ದರೆ ಇನ್ನೊಂದು ಗೂಡು ತೋರಿಸುತ್ತದೆ ಅಂದರು. ಆದರೂ ಚೂರುಪಾರು ಕೆಳಗೆ ಬಿದ್ದೇ ಇತ್ತು. ನಾವು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ಹಕ್ಕಿ ನೆಲಕ್ಕಿಳಿದು ಅದನ್ನೇ ಹೆಕ್ಕುತ್ತಿತ್ತು.